ಸೊಕ್ಕಿನ ಚರಿತ್ರೆ

‘ಸೊಕ್ಕು’ ಅನ್ನೋ ಮಾತು ಯಾವಾಗಲೂ ಮೇಲಿನಿಂದ ಕೆಳಕ್ಕೇ ಬೀಳುತ್ತೆ. ಗೌಡರ ಹುಡುಗ ದನಿ ಏರಿಸಿದರೆ ಅವನದು ಗತ್ತು. ಹೊಲಗೇರಿಯ ಹುಡುಗ ಏರಿಸಿದರೆ ಅವನಿಗೆ ಸೊಕ್ಕು. ಮೊಮ್ಮಗನ ವಯಸ್ಸಿನವನು ನಮ್ಮ ಮುದುಕರನ್ನು ‘ಬಾರ್ಲಾ’ ಎಂದು ಕರೆದದ್ದು ಊರಿನ ವಾಡಿಕೆ. ಮುದುಕರು ಕೈಕಟ್ಟಿ ‘ಬುದ್ಧಿ’ ಅಂದದ್ದು ವಿನಯ. ಈ ಸಭ್ಯತೆಯ ವ್ಯಾಕರಣ ಬರೆದವರು ಯಾರು ಸ್ವಾಮಿ?

ಉದ್ಧಟ ಅನ್ನಿಸಿಕೊಳ್ಳೋಕೆ ಬಾಯಿ ತೆರೆಯಬೇಕಂತಲೂ ಇರಲಿಲ್ಲ. ಜೈಪುರ ಸಂಸ್ಥಾನದ ಚಕವಾರಾ ಹಳ್ಳಿಯ ಪ್ರಕರಣವನ್ನು ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ದಾಖಲಿಸಿದ್ದಾರೆ. ತೀರ್ಥಯಾತ್ರೆ ಮುಗಿಸಿ ಬಂದ ಅಸ್ಪೃಶ್ಯನೊಬ್ಬ ತನ್ನವರಿಗೆ ಊಟ ಹಾಕಿಸಿದ, ತುಪ್ಪ ಬಡಿಸಿದ. ನೂರಾರು ಸವರ್ಣೀಯರು ಲಾಠಿ ಹಿಡಿದು ನುಗ್ಗಿ ಅನ್ನ ಹಾಳುಮಾಡಿದರು, ಉಣ್ಣುತ್ತಿದ್ದವರನ್ನು ಬಡಿದರು. ತುಪ್ಪ ಅವನದು, ಎಲೆ ಅವನದು; ಅವಮಾನ ಮಾತ್ರ ಇವರದು!

ನಮ್ಮಲ್ಲಿ ಇಂಥ ದೊಡ್ಡ ‘ಉದ್ಧಟತನ’ ನಡೆದದ್ದು 1973ರ ನವೆಂಬರಿನಲ್ಲಿ, ಮೈಸೂರಿನಲ್ಲಿ. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂತ ದೇವರಾಜ ಅರಸರ ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪ ಅಂದುಬಿಟ್ಟರು. ಬೂಸಾ ದನ ತಿನ್ನೋ ಮೇವು. ಸೂಳೆಮಗ ಅನ್ನೋಥರದ ಬೈಗುಳವೇನಲ್ಲ. ಅದಕ್ಕೂ ಮೊದಲು ನವ್ಯರು ನವೋದಯದವರನ್ನು ಬೇಕಾದಷ್ಟು ಜರಿದಿದ್ದರು. ಅದಕ್ಕೆ ವಿಮರ್ಶೆ ಅಂತ ಹೆಸರು ಬಂತು. ದಲಿತನೊಬ್ಬ ಬೆಲೆ ಕಟ್ಟಿದಾಗ ಮಾತ್ರ ಅದು ನಾಡದ್ರೋಹವಾಯಿತು. ಗಲಭೆಗಳಾದವು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ಮಂತ್ರಿ ಇವರೇ. ಶತಮಾನಗಟ್ಟಲೆ ಆ ಬುಟ್ಟಿ ನೋಡಿಕೊಂಡು ತೆಪ್ಪಗಿದ್ದ ಅಭಿಮಾನ, ಬೂಸಾ ಅಂದ ಕೂಡಲೆ ಎದ್ದು ಕೂತಿತು. ದಲಿತ ಸಂಘರ್ಷ ಸಮಿತಿ ಹುಟ್ಟೋದಕ್ಕೆ ಈ ಗಲಾಟೆಯೂ ಒಂದು ಕಾರಣ ಅನ್ನೋದು ನಮಗೆಲ್ಲ ಗೊತ್ತಿರೋ ಸಂಗತಿ.

ಮೇಲಿನವರ ಬಾಯಿಗೂ ಕಾನೂನು ಬಂತು, ತಡವಾಗಿ. 1989ರ ದೌರ್ಜನ್ಯ ತಡೆ ಕಾಯ್ದೆ, ಪರಿಶಿಷ್ಟರನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಬೇಕಂತಲೇ ಅವಮಾನಿಸುವುದನ್ನು ಅಪರಾಧವೆಂದಿತು. ಆಮೇಲೆ ವಕೀಲರ ಜಗಳವೆಲ್ಲ ಆ ‘ಕಣ್ಣಿಗೆ ಬೀಳುವ ಜಾಗ’ದ ಸುತ್ತಲೇ. ಮನೆಯ ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ್ದು ಈ ಕಲಮಿಗೆ ಸೇರುವುದಿಲ್ಲ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ನಮ್ಮ ಹೆಂಗಸರು ಮುಸುರೆ ತಿಕ್ಕೋದು, ನೆಲ ಒರೆಸೋದು ಆ ನಾಲ್ಕು ಗೋಡೆಯೊಳಗೇ.