ಓಮನ ನಿಯಮವು ಹುಟ್ಟಿದ ಬಗೆ

ವಿದ್ಯುನ್ಮಂಡಲವೊಂದರಲ್ಲಿ ಒತ್ತಡವೆಷ್ಟು, ಪ್ರವಾಹವೆಷ್ಟು ಎಂದು ಲೆಕ್ಕ ಹಾಕುವುದು ಇಂದು ಪ್ರೌಢಶಾಲೆಯ ಹುಡುಗರ ಕೆಲಸವಾಗಿದೆ. ಒತ್ತಡವನ್ನು ರೋಧದಿಂದ ಭಾಗಿಸಿದರೆ ಪ್ರವಾಹವು ದೊರೆಯುತ್ತದೆ, ಸೂತ್ರವು ಇಷ್ಟೇ. ಒಂದು ಭಾಗಾಕಾರದಲ್ಲಿ ಅಡಗಿರುವ ಈ ಮಾತನ್ನು ಹೊರಗೆಡಹಿದ ಉಪಾಧ್ಯಾಯನು ಇದ್ದ ಉದ್ಯೋಗವನ್ನೂ ಬಿಟ್ಟು, ತಕ್ಕ ಮನ್ನಣೆಗಾಗಿ ೧೪ ವರ್ಷ ಕಾಯಬೇಕಾಯಿತೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಆದರೆ ಆ ಕಾಲದಲ್ಲಿ ಒತ್ತಡ, ಪ್ರವಾಹ, ರೋಧ ಎಂಬ ಮೂರು ಪರಿಮಾಣಗಳು ಹೀಗೆ ಬೇರೆ ಬೇರೆಯಾಗಿ ನಿಂತಿರಲಿಲ್ಲ ಎಂಬುದನ್ನು ನೆನೆದರೆ ಆಶ್ಚರ್ಯವು ತಗ್ಗುವುದು. ಅವುಗಳನ್ನು ಬಿಡಿಸಿ ತೋರಿಸಿದುದೇ ಓಮನ ಸಾಧನೆ.

ಗೇಯಾರ್ಗ್ ಸೈಮನ್ ಓಮನು ೧೭೮೯ರಲ್ಲಿ ಜರ್ಮನಿಯ ಎರ್ಲಾಂಗನ್ ಪಟ್ಟಣದಲ್ಲಿ ಜನಿಸಿದನು. ತಂದೆ ಬೀಗ ಮಾಡುವ ಕಸಬಿನವನು. ಆದರೂ ಸ್ವಂತ ಪರಿಶ್ರಮದಿಂದ ಗಣಿತವನ್ನು ಕಲಿತು ಮಕ್ಕಳಿಗೆ ತಾನೇ ಪಾಠ ಹೇಳಿದನು. ಓಮನು ೧೮೧೭ರಲ್ಲಿ ಕಲೋನ್ ನಗರದ ಶಾಲೆಯೊಂದರಲ್ಲಿ ಉಪಾಧ್ಯಾಯನಾದನು. ಅಲ್ಲಿ ಒಳ್ಳೆಯ ಪ್ರಯೋಗಶಾಲೆಯಿದ್ದಿತು. ೧೮೨೦ರಲ್ಲಿ ಡೆನ್ಮಾರ್ಕಿನ ಅರ್‌ಸ್ಟೆಡ್ ಪಂಡಿತನು, ಪ್ರವಾಹವು ಹರಿಯುವ ತಂತಿಯ ಬಳಿ ಅಯಸ್ಕಾಂತದ ಸೂಜಿಯು ಓರೆಯಾಗುವುದೆಂದು ಕಂಡುಹಿಡಿದಿದ್ದನು. ಇದರಿಂದ ಪ್ರವಾಹವನ್ನು ಅಳೆಯುವ ದಾರಿಯು ತೆರೆದಂತಾಯಿತು.

ತಂತಿಯ ಉದ್ದವು ಹೆಚ್ಚಿದಂತೆ ಪ್ರವಾಹವು ಹೇಗೆ ತಗ್ಗುವುದೆಂಬುದೇ ಓಮನು ಎತ್ತಿಕೊಂಡ ಪ್ರಶ್ನೆ. ೧೮೨೫ರ ಪ್ರಯೋಗಗಳಲ್ಲಿ ಆತನು ವೋಲ್ಟಾ ಪಂಡಿತನ ಬಗೆಯ ರಾಸಾಯನಿಕ ಕೋಶವನ್ನು ಉಪಯೋಗಿಸಿದನು. ಆದರೆ ಈ ಕೋಶದ ಬಲವು ನಿಲುಕಡೆಯಿಲ್ಲದುದು. ಮಂಡಲವನ್ನು ಕೂಡಿಸಿದೊಡನೆ ಕುಗ್ಗುವುದು, ಬಿಡಿಸಿದರೆ ಮತ್ತೆ ಚೇತರಿಸಿಕೊಳ್ಳುವುದು. ತಕ್ಕಡಿಯೇ ಓಲಾಡುತ್ತಿದ್ದರೆ ತೂಕವು ಸರಿಯಾಗುವುದೆಂತು? ಆ ವರ್ಷ ಆತನು ಪ್ರಕಟಿಸಿದ ಸೂತ್ರವು ತಪ್ಪಾಗಿದ್ದಿತು. ಆಗ ಪೊಗ್ಗೆಂಡಾರ್ಫ್ ಎಂಬ ವಿಜ್ಞಾನಪತ್ರಿಕೆಯ ಸಂಪಾದಕನು ಉಷ್ಣವಿದ್ಯುತ್ತಿನ ಜೋಡಿಯನ್ನು ಬಳಸಿ ನೋಡುವಂತೆ ಸೂಚಿಸಿದನು. ಎರಡು ಬೇರೆ ಲೋಹಗಳನ್ನು ಎರಡು ಕಡೆ ಬೆಸೆದು, ಒಂದು ಬೆಸುಗೆಯನ್ನು ಬಿಸಿಯಾಗಿಯೂ ಇನ್ನೊಂದನ್ನು ತಂಪಾಗಿಯೂ ಇಟ್ಟರೆ ಪ್ರವಾಹವು ಹುಟ್ಟುವುದೆಂಬುದನ್ನು ಸೀಬೆಕ್ ಎಂಬಾತನು ೧೮೨೧ರಲ್ಲಿ ಕಂಡಿದ್ದನು. ಓಮನು ಬಿಸ್ಮತ್ ಮತ್ತು ತಾಮ್ರಗಳ ಜೋಡಿಯ ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿಯೂ ಮತ್ತೊಂದನ್ನು ಕರಗುವ ಹಿಮದಲ್ಲಿಯೂ ಇರಿಸಿದನು. ಇವೆರಡರ ಉಷ್ಣತೆಯು ಕದಲದಾದುದರಿಂದ ಬಲವೂ ಸ್ಥಿರವಾಗಿ ನಿಂತಿತು.

೧೮೨೬ರ ಜನವರಿಯಲ್ಲಿ ಆತನು ಒಂದೇ ದಪ್ಪದ ಎಂಟು ತಾಮ್ರದ ತಂತಿಗಳನ್ನು ಪರೀಕ್ಷಿಸಿದನು. ಅವುಗಳ ಉದ್ದವು ೨ ಅಂಗುಲದಿಂದ ೧೩೦ ಅಂಗುಲದವರೆಗೆ ಇದ್ದಿತು. ೨ ಅಂಗುಲದ ತಂತಿಗೆ ಮಾಪಕವು ೩೨೬.೭೫ ಎಂದು ತೋರಿಸಿತು. ೪ ಅಂಗುಲಕ್ಕೆ ೩೦೦.೭೫, ೬೬ ಅಂಗುಲಕ್ಕೆ ೮೩.೨೫, ೧೩೦ ಅಂಗುಲಕ್ಕೆ ೪೮.೫. ತಂತಿಯು ಇಮ್ಮಡಿಯಾದರೂ ಪ್ರವಾಹವು ಅರ್ಧವಾಗಲಿಲ್ಲ. ೨ ಅಂಗುಲವು ೪ ಆದಾಗಲಂತೂ ಅದು ಸ್ವಲ್ಪವೇ ಇಳಿಯಿತು. ಇದರ ಮರ್ಮವೇನು? ತಂತಿಯಲ್ಲಿ ಮಾತ್ರವಲ್ಲ, ಬಲವನ್ನು ಒದಗಿಸುವ ಮೂಲದಲ್ಲಿಯೂ ರೋಧವಿರುತ್ತದೆ. ಓಮನ ಉಪಕರಣದಲ್ಲಿ ಅದು ಸುಮಾರು ೨೦.೨೫ ಅಂಗುಲದ ತಂತಿಗೆ ಸಮನಾಗಿದ್ದಿತು. ಇದನ್ನು ಪ್ರತಿ ತಂತಿಯ ಉದ್ದಕ್ಕೂ ಕೂಡಿಸಿ, ಆ ಮೊತ್ತದಿಂದ ೭೨೮೫ ಎಂಬ ಸಂಖ್ಯೆಯನ್ನು ಭಾಗಿಸಿರಿ. ೨ ಅಂಗುಲಕ್ಕೆ ೩೨೭.೪, ೧೩೦ ಅಂಗುಲಕ್ಕೆ ೪೮.೫ ಬರುತ್ತವೆ, ಕಂಡ ಅಳತೆಗೂ ಲೆಕ್ಕಕ್ಕೂ ಹೆಚ್ಚು ಅಂತರವಿಲ್ಲ. ಬೆಸುಗೆಗಳ ಉಷ್ಣತೆಯ ವ್ಯತ್ಯಾಸವನ್ನು ತಗ್ಗಿಸಿದಾಗ ೭೨೮೫ರ ಸ್ಥಾನದ ಸಂಖ್ಯೆಯು ಕಿರಿದಾಯಿತು, ೨೦.೨೫ ಎಂಬುದು ಹಾಗೆಯೇ ಉಳಿಯಿತು. ಮೊದಲನೆಯದು ತಳ್ಳುವ ಬಲ, ಎರಡನೆಯದು ಒಳಗಿನ ತಡೆ ಎಂಬುದು ಹೀಗೆ ಇತ್ಯರ್ಥವಾಯಿತು.

ಈ ವಿಚಾರಗಳನ್ನು ಗಣಿತರೂಪದಲ್ಲಿ ವಿವರಿಸಿದ ಗ್ರಂಥವು ೧೮೨೭ರಲ್ಲಿ ಬರ್ಲಿನ್ನಿನಲ್ಲಿ ಅಚ್ಚಾಯಿತು. ಅದರಿಂದ ವಿಶ್ವವಿದ್ಯಾಲಯದಲ್ಲಿ ಸ್ಥಾನ ದೊರೆಯುವುದೆಂಬ ಆಸೆ ಓಮನಿಗಿದ್ದಿತು. ಆದರೆ ಕೆಲವು ಪಂಡಿತರು ಗ್ರಂಥವನ್ನು ಹಳಿದರು. ಹಲವರು ಅದನ್ನು ಗಮನಿಸಲೇ ಇಲ್ಲ. ಮನನೊಂದ ಆತನು ಕಲೋನಿನ ಕೆಲಸವನ್ನು ಬಿಟ್ಟು, ೧೮೩೩ರಲ್ಲಿ ನ್ಯೂರೆಂಬರ್ಗಿನ ಶಾಲೆಯಲ್ಲಿ ಸ್ಥಾನ ದೊರೆಯುವವರೆಗೂ ಅಲ್ಪಸ್ವಲ್ಪ ಪಾಠಪ್ರವಚನಗಳಿಂದ ಕಾಲ ಕಳೆದನು. ೧೮೪೧ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕೋಪ್ಲಿ ಪದಕವನ್ನಿತ್ತು ಗೌರವಿಸಿತು.

ಇದೇ ನಿಯಮವನ್ನು ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷನು ಹದಿನೆಂಟನೆಯ ಶತಮಾನದಲ್ಲಿಯೇ ಊಹಿಸಿಕೊಂಡಿದ್ದನು. ಅಳೆಯುವ ಯಂತ್ರವಿಲ್ಲದೆ, ಮೈಗೆ ತಗಲುವ ಆಘಾತದಿಂದಲೇ ಆತನು ಪ್ರವಾಹದ ಹೆಚ್ಚುಕಡಮೆಗಳನ್ನು ಗೊತ್ತುಮಾಡುತ್ತಿದ್ದನು. ಆದರೆ ಅದನ್ನು ಪ್ರಕಟಿಸಲಿಲ್ಲ. ಮ್ಯಾಕ್ಸ್‌ವೆಲ್ ಪಂಡಿತನು ೧೮೭೯ರಲ್ಲಿ ಆ ಬರಹಗಳನ್ನು ಅಚ್ಚುಹಾಕಿಸುವವರೆಗೂ ಅದು ಲೋಕಕ್ಕೆ ತಿಳಿಯಲಿಲ್ಲ. ಪೆಟ್ಟಿಗೆಯಲ್ಲಿ ಉಳಿದ ಸತ್ಯದಿಂದ ಯಾರಿಗೂ ಪ್ರಯೋಜನವಾಗದು. ಓಮನಾದರೋ ನಿಂದೆಯನ್ನು ಸಹಿಸಿ ತನ್ನದನ್ನು ಹೊರಗಿಟ್ಟನು.

೧೮೪೫ರಲ್ಲಿ ಕಿರ್ಖಾಫನು ವಿದ್ಯಾರ್ಥಿಯಾಗಿದ್ದಾಗಲೇ ಈ ನಿಯಮವನ್ನು ಕವಲೊಡೆದ ಮಂಡಲಗಳಿಗೂ ಹಬ್ಬಿಸಿದನು. ಕೂಡುವೆಡೆಗೆ ಬಂದ ಪ್ರವಾಹವೆಲ್ಲವೂ ಅಲ್ಲಿಂದ ಹೊರಡಬೇಕು. ಒಂದು ಸುತ್ತಿನಲ್ಲಿ ಇಳಿದ ಒತ್ತಡಗಳ ಮೊತ್ತವು ಮೂಲದ ಬಲಕ್ಕೆ ಸಮನಾಗಬೇಕು. ೧೨ ವೋಲ್ಟಿನ ಮೂಲವೊಂದರ ಒಳರೋಧವು ೨ ಓಮ್ ಆಗಿರಲಿ. ಹೊರಗೆ ೧ ಓಮ್ ಮತ್ತು ೩ ಓಮ್ ರೋಧಗಳನ್ನು ಸಾಲಾಗಿ ಕೂಡಿಸಿದರೆ ಒಟ್ಟು ೬ ಓಮ್. ಪ್ರವಾಹ ೨ ಆಂಪಿಯರ್. ಒತ್ತಡವು ಒಳಗೆ ೪, ಹೊರಗೆ ಕ್ರಮವಾಗಿ ೨ ಮತ್ತು ೬ ವೋಲ್ಟಿನಂತೆ ಇಳಿಯುವುದು. ಅವುಗಳಿಗೆ ಬದಲಾಗಿ ೩ ಓಮ್ ಮತ್ತು ೬ ಓಮ್‌ಗಳನ್ನು ಪಕ್ಕಪಕ್ಕದ ಕವಲುಗಳಾಗಿ ಇಟ್ಟರೆ ಎರಡೂ ಸೇರಿ ೨ ಓಮಿಗೆ ಸಮ. ಒಟ್ಟು ೪ ಓಮ್. ಪ್ರವಾಹ ೩ ಆಂಪಿಯರ್. ಕವಲುಗಳ ಮೇಲೆ ಬೀಳುವ ಒತ್ತಡ ೬ ವೋಲ್ಟ್. ಒಂದರಲ್ಲಿ ೨, ಇನ್ನೊಂದರಲ್ಲಿ ೧ ಆಂಪಿಯರ್ ಹರಿಯುವುದು. ಒಳರೋಧವನ್ನು ಮರೆತವನಿಗೆ ಈ ಉತ್ತರಗಳು ಬಾರವು. ಓಮನು ಕಂಡ ೨೦.೨೫ ಅಂಗುಲದ ಮಾತೇ ಇದು.

ನಮ್ಮ ನಾಡಿನಲ್ಲಿ ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು ೯೨ ಮೈಲಿ ದೂರ ವಿದ್ಯುತ್ತನ್ನು ಒಯ್ದಾಗಲೂ ತಂತಿಯ ರೋಧದಿಂದ ಆಗುವ ನಷ್ಟವನ್ನು ಎಣಿಸಬೇಕಾಯಿತು. ಪ್ರವಾಹವು ಕಡಮೆಯಾದಷ್ಟೂ ನಷ್ಟವು ಕಡಮೆ. ಆದುದರಿಂದಲೇ ಅಲ್ಲಿ ಒತ್ತಡವನ್ನು ಸಾವಿರಾರು ವೋಲ್ಟುಗಳಿಗೆ ಏರಿಸಿದರು.

ಓಮನು ಯೌವನದಿಂದ ಬಯಸಿದ್ದ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪದವಿಯು ಮ್ಯೂನಿಕ್ ನಗರದಲ್ಲಿ ೧೮೫೨ರಲ್ಲಿ ದೊರೆಯಿತು. ಅದನ್ನು ಅನುಭವಿಸಿದುದು ಎರಡೇ ವರ್ಷ. ೧೮೫೪ರಲ್ಲಿ ಆತನು ತೀರಿಕೊಂಡನು. ೧೮೮೧ರಲ್ಲಿ ಪ್ಯಾರಿಸಿನಲ್ಲಿ ನೆರೆದ ವಿದ್ಯುತ್ ಪಂಡಿತರ ಅಂತರರಾಷ್ಟ್ರೀಯ ಸಭೆಯು ರೋಧದ ಮಾನಕ್ಕೆ ಓಮನ ಹೆಸರನ್ನೇ ಸ್ಥಿರಪಡಿಸಿತು.