ಬಾತುಕೋಳಿ ಕಚ್ಚಿ ಹಿಡಿದ ಸ್ಟೂಲು: ಕೂತು ಹಕ್ಕಿ ನೋಡೋರ ಚರಿತ್ರೆ

ಇವತ್ತಿನ ಕತೆ ಶುರುವಾಗೋದು ಒಂದು ಮುಜುಗರದಿಂದ.

ಹೋದ ವರ್ಷ ಚಳಿಗಾಲದಲ್ಲಿ ಅಪ್ಪ ಅಫಜಲಪುರದಿಂದ ಪುಣೆಗೆ ಬಂದಿದ್ದರು. ಫ್ಲ್ಯಾಟಿನ ಗೋಡೆ ನೋಡಿ ನೋಡಿ ಅವರಿಗೆ ಬೇಜಾರಾಗಿತ್ತು. ಒಂದು ಶನಿವಾರ ಬೆಳಗಿನ ಜಾವವೇ ಎಬ್ಬಿಸಿ, ಸೋಲಾಪುರ ರಸ್ತೆಯಲ್ಲಿ ಭಿಗವಣಕ್ಕೆ ಕರೆದುಕೊಂಡು ಹೋದೆ. ಉಜನಿ ಅಣೆಕಟ್ಟಿನ ಹಿನ್ನೀರು, ದೂರದಲ್ಲಿ ರಾಜಹಂಸಗಳು. ಅಪ್ಪನಿಗೆ ಮಂಡಿನೋವು, ಅದಕ್ಕೇ ಆನ್‌ಲೈನಿನಲ್ಲಿ ಮೂರು ಕಾಲಿನ ಮಡಚುವ ಸ್ಟೂಲು ತರಿಸಿದ್ದೆ. ಅಪ್ಪ ಕೂತರು. ಒಂದು ಕಾಲು ಮೆಲ್ಲಗೆ ಕೆಸರಿಗೆ ಇಳಿಯಿತು, ಅಪ್ಪ ಪಕ್ಕಕ್ಕೆ ವಾಲಿದರು, ನಾನು ಕೂಗಿದೆ, ಹತ್ತಿರವಿದ್ದ ಹಕ್ಕಿಗಳೆಲ್ಲ ಎದ್ದು ಹೋದವು. "ನಿಂತೇ ನೋಡ್ತೀನಿ ಬಿಡು ತಮ್ಮಾ" ಅಂದರು. ಹತ್ತು ನಿಮಿಷಕ್ಕೆ ಕಾರಿನಲ್ಲಿ ಹೋಗಿ ಕೂತರು.

ವಾಪಸ್ ಬಂದಮೇಲೆ ಸರಿಯಾದ ಸ್ಟೂಲು ಯಾವುದು ಅಂತ ಹುಡುಕೋಕೆ ಕೂತೆ. ಆ ಹುಡುಕಾಟ ನನ್ನನ್ನ ಮೂರು ಸಾವಿರ ವರ್ಷ ಹಿಂದಕ್ಕೆ ಕರೆದುಕೊಂಡು ಹೋಯಿತು.

1922ರಲ್ಲಿ ಹೊವಾರ್ಡ್ ಕಾರ್ಟರ್ ಈಜಿಪ್ಟಿನಲ್ಲಿ ತುತಾಂಖಾಮನ್‌ನ ಗೋರಿ ಪತ್ತೆ ಮಾಡಿದರಲ್ಲ, ಅದರಲ್ಲಿ ಚಿನ್ನದ ಮುಖವಾಡ ಮಾತ್ರ ಇರಲಿಲ್ಲ. ಮಡಚುವ ಮಂಚ ಇತ್ತು, ಮಡಚುವ ಸ್ಟೂಲುಗಳೂ ಇದ್ದವು. ಕರಿಮರದ ಕಾಲು, ದಂತದ ಕುಸುರಿ. ಆ ಕಾಲಿನ ತುದಿಯಲ್ಲಿ ಏನಿದೆ ಗೊತ್ತಾ? ಬಾತುಕೋಳಿಯ ತಲೆ! ಆ ಬಾತು ತನ್ನ ಕೊಕ್ಕಿನಲ್ಲಿ ನೆಲಕ್ಕೆ ಮಲಗಿಸಿದ ಒಂದು ಅಡ್ಡಪಟ್ಟಿಯನ್ನ ಕಚ್ಚಿ ಹಿಡಿದಿದೆ. ನೋಡೋಕೆ ಅಲಂಕಾರ, ಆದರೆ ಆ ಪಟ್ಟಿಯಲ್ಲೇ ಎಂಜಿನಿಯರಿಂಗ್ ಇರೋದು. ಮೊನಚು ಕಾಲು ಮರಳಿನಲ್ಲಿ, ಕೆಸರಿನಲ್ಲಿ ಹೂತುಹೋಗುತ್ತೆ. ಉದ್ದನೆಯ ಪಟ್ಟಿ ಮೇಲೆ ಕೂತರೆ ಭಾರ ಹರಡಿಕೊಳ್ಳುತ್ತೆ. ನನ್ನ ಅಪ್ಪನನ್ನ ಬೀಳಿಸಿದ ಸ್ಟೂಲಿನಲ್ಲಿ ಇಲ್ಲದೇ ಇದ್ದದ್ದು ಇದೇ.

ಇನ್ನೂ ಆಶ್ಚರ್ಯದ್ದು ಡೆನ್ಮಾರ್ಕಿನದು. ಅಲ್ಲಿ ಗುಲ್ಡ್‌ಹೋಯ್ ಅನ್ನೋ ದಿಬ್ಬದ ಒಳಗೆ, ಓಕ್ ಮರದ ಶವಪೆಟ್ಟಿಗೆಯಲ್ಲಿ, 1891ರಲ್ಲಿ ಒಂದು ಮಡಚುವ ಸ್ಟೂಲು ಸಿಕ್ಕಿತು. ಕೂರೋ ಜಾಗಕ್ಕೆ ನೀರುನಾಯಿಯ ಚರ್ಮ. ಶವಪೆಟ್ಟಿಗೆಯ ಮರದ ಉಂಗುರ ಎಣಿಸಿ ಹೇಳಿರೋ ಕಾಲ ಕ್ರಿ.ಪೂ. 1389. ಅಂದರೆ ತುತಾಂಖಾಮನ್ ಸಾಯೋದಕ್ಕೂ ಅರವತ್ತು ವರ್ಷ ಮೊದಲು. ಎಲ್ಲಿಯ ನೈಲ್, ಎಲ್ಲಿಯ ಡೆನ್ಮಾರ್ಕ್! ಆದರೂ ಎರಡರ ವಿನ್ಯಾಸ ಒಂದೇ: ಎರಡು ಚೌಕಟ್ಟು, ನಡುವೆ ಒಂದು ಗೂಟ, ಮೇಲೆ ಚರ್ಮ, ಕೆಳಗೆ ನೆಲಪಟ್ಟಿ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಈ ಸ್ಟೂಲು ಇಂಥ ಗೋರಿಗಳಲ್ಲಿ ಯಾಕೆ ಸಿಗುತ್ತೆ? ದೊರೆ ಹೋದಲ್ಲೆಲ್ಲ ಕೂರಬೇಕು, ಉಳಿದವರು ನಿಂತಿರಬೇಕು. ರೋಮಿನಲ್ಲಿ ಇದು ಕಾನೂನಿನ ಮಟ್ಟಕ್ಕೇ ಹೋಯಿತು. 'ಸೆಲ್ಲಾ ಕುರುಲಿಸ್' ಅನ್ನೋ ಮಡಚುವ ಪೀಠದಲ್ಲಿ ಕೂರೋ ಹಕ್ಕು ಕಾನ್ಸಲ್‌ಗಳಂಥ ಹಿರಿಯ ಅಧಿಕಾರಿಗಳಿಗೆ ಮಾತ್ರ. ತುತಾಂಖಾಮನ್‌ನ ಒಂದು ವೈಭವದ ಕುರ್ಚಿಗೂ ಮಡಚುವ ಸ್ಟೂಲಿನ ಕಾಲೇ ಇದೆ, ಆದರೆ ಒರಗು ಜೋಡಿಸಿರೋದರಿಂದ ಅದು ಮಡಚೋದೇ ಇಲ್ಲ. ಉಪಯೋಗ ಹೋಯಿತು, ಠೀವಿ ಉಳಿಯಿತು.

ನಮ್ಮ ದೇಶಕ್ಕೆ ಬರೋಣ. 19ನೇ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಸೇನೆಯ ಅಧಿಕಾರಿಗಳಿಗೆ ಅಂತ ಒಂದು ಕುರ್ಚಿ ಹುಟ್ಟಿತು. ಅದರ ಹೆಸರೇ ರೂರ್ಕಿ ಕುರ್ಚಿ, ಎಂಜಿನಿಯರಿಂಗ್ ಕಾಲೇಜಿನ ಅದೇ ರೂರ್ಕಿ. ಮೊಳೆ ಇಲ್ಲ, ಅಂಟು ಇಲ್ಲ, ಬರೀ ಕಟ್ಟಿಗೆ, ಕ್ಯಾನ್ವಾಸ್, ಚರ್ಮದ ಪಟ್ಟಿ. ಬಿಚ್ಚಿದರೆ ಒಂದು ಸಣ್ಣ ಗಂಟು. ಕೀಲುಗಳು ಬೇಕಂತಲೇ ಸಡಿಲ, ಹಾಗಾಗಿ ಏರುತಗ್ಗಿನ ನೆಲದಲ್ಲೂ ನಾಲ್ಕು ಕಾಲೂ ಊರಿಕೊಳ್ಳುತ್ತೆ. ಡೆನ್ಮಾರ್ಕಿನ ವಿನ್ಯಾಸಕಾರ ಕೋರೆ ಕ್ಲಿಂಟ್ ಇದನ್ನೇ ಮಾದರಿ ಮಾಡಿಕೊಂಡು 1933ರಲ್ಲಿ 'ಸಫಾರಿ ಕುರ್ಚಿ' ತಂದರು. ಕೂರೋ ಸಾಹೇಬ ಒಬ್ಬ, ಕ್ಯಾಂಪಿನಿಂದ ಕ್ಯಾಂಪಿಗೆ ಗಂಟು ಹೊರೋರು ಇನ್ಯಾರೋ. ಆ ಲೆಕ್ಕ ಮಾತ್ರ ಇಲ್ಲೂ ಬದಲಾಗಲಿಲ್ಲ.

ಆ ಕಾಲದಲ್ಲಿ ಹಕ್ಕಿ ನೋಡೋದು ಅಂದರೂ ಬಂದೂಕಿನಿಂದಲೇ. ಕಾಂಗ್ರೆಸ್ ಸ್ಥಾಪಕರಲ್ಲಿ ಒಬ್ಬರಾದ ಎ. ಓ. ಹ್ಯೂಮ್ 1885ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟ ಸಂಗ್ರಹದಲ್ಲಿ ಸುಮಾರು 80,000 ಮಾದರಿಗಳಿದ್ದವು. ಹೊಡೆದು, ಚರ್ಮ ಸುಲಿದು, ಹೆಸರು ಬರೆದು ಇಡೋದು. ಹೊಡೆಯೋನಿಗೆ ಸ್ಟೂಲು ಯಾಕೆ ಬೇಕು? ಒಂದು ಕ್ಷಣದ ಕೆಲಸ. 1901ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಸೆಲೂಸ್ 'ಬರ್ಡ್ ವಾಚಿಂಗ್' ಅನ್ನೋ ಪುಸ್ತಕ ಬರೆದರು. ಬಂದೂಕು ಕೆಳಗಿಡಿ, ಸುಮ್ಮನೆ ನೋಡಿ ಅನ್ನೋದು ಅವರ ವಾದ. ನೋಡಬೇಕು ಅಂದರೆ ಗಂಟೆಗಟ್ಟಲೆ ಅಲುಗಾಡದೆ ಇರಬೇಕು. ಅಲ್ಲಿಂದ ಕೂರೋದಕ್ಕೆ ಹೊಸ ಅರ್ಥ ಬಂತು. ಅದು ದರ್ಪ ಅಲ್ಲ, ತಾಳ್ಮೆ.

ಇದಕ್ಕೆ ನಮ್ಮಲ್ಲಿ ಒಳ್ಳೇ ಉದಾಹರಣೆ ಸಲೀಂ ಅಲಿ. 1930ರಲ್ಲಿ ಜರ್ಮನಿಯಲ್ಲಿ ಓದು ಮುಗಿಸಿ ಮುಂಬೈಗೆ ಬಂದಾಗ, ಅವರು ಮಾಡುತ್ತಿದ್ದ ಮ್ಯೂಸಿಯಂ ಹುದ್ದೆಯೇ ದುಡ್ಡಿಲ್ಲ ಅಂತ ರದ್ದಾಗಿತ್ತು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಲೇಆಫ್. ಅಲಿಬಾಗ್ ಹತ್ತಿರದ ಕಿಹೀಮಿಗೆ ಹೋಗಿ ಉಳಿದರು. ಮನೆ ಹತ್ತಿರವೇ ಗೀಜಗನ ಗೂಡುಗಳು. ದಿನಗಟ್ಟಲೆ ನೋಡಿದರು. ಗಂಡು ಅರ್ಧ ಗೂಡು ಕಟ್ಟುತ್ತೆ, ಹೆಣ್ಣು ಬಂದು ಪರೀಕ್ಷೆ ಮಾಡಿ ಒಪ್ಪಿದರೆ ಪೂರ್ತಿ ಮಾಡುತ್ತೆ, ಆಮೇಲೆ ಇನ್ನೊಂದು ಹೆಣ್ಣಿಗಾಗಿ ಇನ್ನೊಂದು ಗೂಡು ಶುರು! ಸತ್ತ ಹಕ್ಕಿಯ ಚರ್ಮ ಎಷ್ಟು ಸಾವಿರ ಕೂಡಿಟ್ಟರೂ ಈ ಸಂಗತಿ ಗೊತ್ತಾಗುತ್ತಿರಲಿಲ್ಲ. ಮುಂದೆ ಇದೇ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಗಿದ್ದರ ಹಿಂದೆಯೂ ಅವರ ಒತ್ತಾಯ ಇತ್ತು.

ಸರಿ, ಸ್ಟೂಲು ಯಾವುದು ತಗೋಬೇಕು? ಚರಿತ್ರೆ ಹೇಳೋದು ಇಷ್ಟು. ಗಟ್ಟಿ, ಏರುತಗ್ಗಿನ ನೆಲವಾದರೆ ಮೂರು ಕಾಲೇ ಒಳ್ಳೇದು, ಅದು ಅಲ್ಲಾಡೋದಿಲ್ಲ. ಕೆರೆದಂಡೆ, ಕೆಸರು, ಮರಳಾದರೆ ಈಜಿಪ್ಟಿನವರ ಥರ ನೆಲಪಟ್ಟಿ ಇರೋ ಕತ್ತರಿ ಕಾಲಿನದು. ಮಂಡಿನೋವಿನವರಿಗೆ ಎತ್ತರ 40ರಿಂದ 45 ಸೆಂ.ಮೀ. ಇರಲಿ. ಅದಕ್ಕಿಂತ ತಗ್ಗಾದರೆ ಕೂರಬಹುದು, ಏಳೋದು ಕಷ್ಟ. ಬಣ್ಣ ಮಣ್ಣಿನದು ಇರಲಿ. ಬಿಚ್ಚುವಾಗ ಪರ್ರ್ ಅನ್ನೋ ವೆಲ್ಕ್ರೋ, ಕಿರುಗುಟ್ಟೋ ಕೀಲು ಬೇಡ. ಕೊಂಡ ದಿನವೇ ಮನೆಯಲ್ಲಿ ಅರ್ಧ ಗಂಟೆ ಕೂತು ನೋಡಿ. ಮುಖ್ಯವಾಗಿ, ನೀವೇ ಹೆಗಲಿಗೆ ಹಾಕಿಕೊಂಡು ಎರಡು ಕಿಲೋಮೀಟರ್ ನಡೆಯೋವಷ್ಟು ಹಗುರ ಇರಲಿ. ನಮ್ಮ ಹಿಂದೆ ಹೊರೋ ಆಳಿಲ್ಲ, ಇರಲೂಬಾರದು.

ಈ ಜನವರಿಯಲ್ಲಿ ಅಪ್ಪ ಮತ್ತೆ ಬಂದರು. ನೆಲಪಟ್ಟಿಯ ಸ್ಟೂಲು ನಾನೇ ಹೊತ್ತೆ. ಎರಡು ಗಂಟೆ ಕೂತರು, ಒಂದು ಮಾತಿಲ್ಲ. ಪಟ್ಟೆತಲೆ ಹೆಬ್ಬಾತುಗಳ ಒಂದು ಹಿಂಡು ಇಳಿದು, ನಮ್ಮ ಮುಂದೆಯೇ ಮೇಯತೊಡಗಿತು. ಹಿಮಾಲಯ ದಾಟಿ ಬರೋ ಹಕ್ಕಿ ಇವು, ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತವೆ ಅಂದೆ. ಅಪ್ಪ ಸ್ವಲ್ಪ ಹೊತ್ತು ನೀರನ್ನೇ ನೋಡಿ, "ಇದು ಭೀಮಾನದೇ ನೀರಲ್ಲ? ನಮ್ಮ ಕಡೀಗೇ ಬರ್ತದ" ಅಂದರು. ಬಿಸಿಲು ಏರೋವರೆಗೂ ಎದ್ದೇಳಲಿಲ್ಲ.

ನಿಮ್ಮ ಮನೆಗೂ ಊರಿಂದ ಯಾರಾದರೂ ಬಂದರೆ ಮಾಲಿಗೆ ಕರೆದುಕೊಂಡು ಹೋಗೋ ಮೊದಲು ಒಂದು ಕೆರೆಗೆ ಕರೆದುಕೊಂಡು ಹೋಗಿ. ಕೂರೋಕೆ ಒಂದು ಒಳ್ಳೇ ಸ್ಟೂಲು ಮರೀಬೇಡಿ.