ಇಸ್ಕೂಲು ಅಳೆಯೋ ಕೋಲು ಯಾರ ಕೈಲಿದೆ?

ನಮ್ಮಕ್ಕನ ಮಗಳಿಗೆ ಈ ಜೂನಿಗೆ ಆರು ತುಂಬುತ್ತೆ. ಊರು ಬೆಳೆದು ಬೆಳೆದು ನಮ್ಮ ಕೇರಿಯನ್ನೂ ದಾಟಿ ಬೈಪಾಸ್ ರಸ್ತೆವರೆಗೂ ಕಾಲು ಚಾಚಿದೆ. ನಮ್ಮವ್ವ ಕಳೆ ಕೀಳುತ್ತಿದ್ದ ರಾಗಿ ಹೊಲದಲ್ಲಿ ಈಗ ಲೇಔಟು, ಲೇಔಟಿಗೊಂದು ಕಮಾನು, ಕಮಾನಿಗೊಬ್ಬ ದೇವರು. ಆ ಲೇಔಟಿಗೂ ನಮ್ಮ ಕೇರಿಗೂ ನಡುವೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ನಾವು ಅಕ್ಷರ ಕಲಿತದ್ದು ಅಲ್ಲೇ. ಅಲ್ಲಿಗೇ ಮಗುವನ್ನು ಸೇರಿಸಬೇಕೋ, ಹಳದಿ ವ್ಯಾನು ಬರುವ ಇಂಗ್ಲಿಷ್ ಕಾನ್ವೆಂಟಿಗೆ ಸಾಲ ಮಾಡಿ ಕಳಿಸಬೇಕೋ ಅನ್ನೋದು ಅಕ್ಕನ ಸಂಕಟ. ಒಂದು ರಾತ್ರಿ ಮುದ್ದೆ ಇಕ್ಕುತ್ತಾ ಕೇಳಿದಳು: 'ನೀನು ಡಿಗ್ರಿ ಮಾಡ್ದೋನು. ನೀನೇ ಹೇಳಪ್ಪ, ಆ ಇಸ್ಕೂಲು ಚೆಂದಾಗದೋ, ಇಲ್ವೋ?'

ನಮ್ಮ ಬಾಯಲ್ಲಿ ಉತ್ತರ ಇರಲಿಲ್ಲ. ಲೇಔಟಿನವರ ಬಾಯಲ್ಲಿ ಇತ್ತು. ಅಲ್ಲಿನ ಒಬ್ಬರನ್ನು ಕೇಳಿದೆವು. 'ಆ ಸ್ಕೂಲಾ? ಕ್ವಾಲಿಟಿ ಇಲ್ಲಾರೀ' ಅಂದರು. ಒಳಗೆ ಹೋಗಿ ನೋಡಿದ್ದೀರಾ ಅಂದೆವು. ಇಲ್ಲವಂತೆ. ಹಾಗಾದರೆ ಹೇಗೆ ಗೊತ್ತು? 'ಎಂಥೆಂಥೋರ ಮಕ್ಕಳು ಬರ್ತಾರೆ ಅಲ್ಲಿಗೆ, ನಿಮಗೇ ಗೊತ್ತಲ್ಲ' ಅಂದರು. ಗೊತ್ತು. ಆ 'ಎಂಥೆಂಥೋರು' ನಾವೇ. ಪ್ಯಾಂಟು ಷರಟು ಹಾಕಿದ್ದರಿಂದ ಅವರಿಗೆ ಗುರುತು ಸಿಕ್ಕಲಿಲ್ಲ, ಅಷ್ಟೆ.

ಒಳಗೆ ಕಾಲಿಡದೆ ಶಾಲೆಯ ಬೆಲೆ ಕಟ್ಟುವ ಈ ವಿದ್ಯೆ ಲೇಔಟಿನವರು ಹೊಸದಾಗಿ ಕಂಡುಹಿಡಿದದ್ದಲ್ಲ. ಅದರ ಬೇರು ಹುಡುಕಿಕೊಂಡು ಹೋದರೆ ಧಾರವಾಡಕ್ಕೆ ಹೋಗಿ ನಿಲ್ಲಬೇಕಾಗುತ್ತೆ.

1854ರಲ್ಲಿ ಕಂಪನಿ ಸರ್ಕಾರಕ್ಕೆ ಲಂಡನ್ನಿನಿಂದ ವುಡ್ ಸಾಹೇಬರ ಆಜ್ಞಾಪತ್ರ ಬಂತು. ಪ್ರಾಂತ್ಯಕ್ಕೊಂದು ವಿದ್ಯಾ ಇಲಾಖೆ, ಇಲಾಖೆಗೆ ಇನ್ಸ್‌ಪೆಕ್ಟರುಗಳು, ಖಾಸಗಿ ಶಾಲೆಗಳಿಗೆ ಸಹಾಯಧನ ಎಲ್ಲ ಅದರಲ್ಲೇ ಇತ್ತು. ಎರಡು ವರ್ಷ ಕಳೆಯಲಿಲ್ಲ, 1856ರ ಜೂನಿನಲ್ಲಿ ಒಬ್ಬ ಮಹಾರ ಹುಡುಗ ಬೊಂಬಾಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಆಗ ಧಾರವಾಡ ಬೊಂಬಾಯಿ ಪ್ರಾಂತ್ಯದಲ್ಲಿತ್ತು. ಫೀಜು ಕಟ್ಟೋಕೆ ತಯಾರಿದ್ದೇನೆ, ಆದರೂ ಧಾರವಾಡದ ಸರ್ಕಾರಿ ಶಾಲೆಗೆ ನನ್ನನ್ನು ಸೇರಿಸುತ್ತಿಲ್ಲ ಅನ್ನೋದು ಅವನ ಅಹವಾಲು. ನಾವು ಓದಿದ ಪುಸ್ತಕಗಳಲ್ಲಿ ಅವನು ಬರೀ 'ಮಹಾರ ಹುಡುಗ'. ಹೆಸರಿಲ್ಲ. ಆದರೆ ಗೆಳೆಯರೆ, ಸಿಪಾಯಿ ದಂಗೆಗೂ ಒಂದು ವರ್ಷ ಮೊದಲು, ಯಾವ ಸಂಘಟನೆಯೂ ಬೆನ್ನಿಗಿಲ್ಲದೆ, ಸರ್ಕಾರಕ್ಕೇ ಕಾಗದ ಬರೆದ ಆ ಹುಡುಗನ ಎದೆಗಾರಿಕೆ ಎಂಥದಿರಬೇಕು!

1856ರ ಜುಲೈ 21ರಂದು ಸರ್ಕಾರ ಠರಾವು ಮಾಡಿತು. ಅದರ ತಿರುಳನ್ನು ನಮ್ಮ ಮಾತಲ್ಲಿ ಹೇಳ್ತೀವಿ: ನ್ಯಾಯವೇನೋ ಹುಡುಗನ ಕಡೆಗಿದೆ. ಆದರೆ ಪೂರ್ವಗ್ರಹ ತಲೆತಲಾಂತರದ್ದು. ಒಬ್ಬನಿಗೋಸ್ಕರ ಒತ್ತಾಯ ಮಾಡಿದರೆ ಉಳಿದವರು ಬಿಟ್ಟುಹೋಗ್ತಾರೆ, ಶಾಲೆ ಬಹುಜನರಿಗೆ ಉಪಯೋಗವಿಲ್ಲದಂತಾಗುತ್ತೆ. ಆದ್ದರಿಂದ ಸರ್ಕಾರ ಕೈಹಾಕೋದಿಲ್ಲ.

ಈ ಠರಾವನ್ನು ನಮ್ಮವರು ಅನ್ಯಾಯದ ಕಾಗದ ಅಂತ ಓದ್ತಾರೆ. ಅದು ಸರಿಯೇ. ನಾವು ಅದನ್ನು ಒಂದು ಇನ್ಸ್‌ಪೆಕ್ಷನ್ ವರದಿ ಅಂತಲೂ ಓದ್ತೀವಿ. ಹೊಸ ಇಲಾಖೆ ಕಣ್ಣು ಬಿಡುವ ಹೊತ್ತಿಗೇ ಒಂದು ಶಾಲೆ ಯಾವಾಗ ಕೆಡುತ್ತೆ ಅನ್ನೋದನ್ನ ಬರೆದಿಟ್ಟಿತು. ಮೇಷ್ಟ್ರು ಪಾಠ ಮಾಡದಿದ್ದರೆ ಅಲ್ಲ, ಸೂರು ಸೋರಿದರೆ ಅಲ್ಲ, ಮಹಾರ ಹುಡುಗ ಒಳಗೆ ಬಂದರೆ! ಲೇಔಟಿನವರು ಇವತ್ತು ಹಿಡಿದಿರೋ ಕೋಲು ಅದೇ. ಬಣ್ಣ ಮಾತ್ರ ಬೇರೆ ಬಳಿದಿದ್ದಾರೆ.

ಆ ಅರ್ಜಿ ಕಸದಬುಟ್ಟಿಗೆ ಹೋಗಲಿಲ್ಲ ಅನ್ನೋದನ್ನೂ ಹೇಳಬೇಕು. ಅದು ಕಲ್ಕತ್ತೆಯ ಸರ್ಕಾರದವರೆಗೂ ಹೋಯಿತು. 1858ರ ಏಪ್ರಿಲ್ 28ರ ಪತ್ರದಲ್ಲಿ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂದರು. ಅಂದರು ಅಷ್ಟೆ. 1882ರ ಹಂಟರ್ ಆಯೋಗವೂ ಆ ತತ್ವವನ್ನು ಎತ್ತಿಹಿಡಿಯಿತು, ಜೊತೆಗೇ ಬೇಕಾದ ಕಡೆ ಕೆಳಜಾತಿಗಳಿಗೆ ಬೇರೆ ಶಾಲೆ ಮಾಡಿ ಅಂತಲೂ ಹೇಳಿತು. ಬಾಗಿಲು ತೆರೆದೇ ಇದೆ, ನೀವು ಮಾತ್ರ ಆ ಕಡೆ ಬಾಗಿಲಿಗೆ ಬನ್ನಿ ಅಂದ ಹಾಗೆ. 1928ರಲ್ಲಿ ಬಾಬಾಸಾಹೇಬರು ಸೈಮನ್ ಆಯೋಗದ ಮುಂದೆ ಬೊಂಬಾಯಿ ಪ್ರಾಂತ್ಯದ ದಲಿತರ ವಿದ್ಯಾಭ್ಯಾಸದ ಬಗ್ಗೆ ಹೇಳಿಕೆ ಇಟ್ಟಾಗ ಈ ಧಾರವಾಡದ ಕಡತವನ್ನು ಮತ್ತೆ ಹೊರತೆಗೆದರು. ಅವರಿಗೆ ಅದು ಬರೀ ಕಡತವಾಗಿರಲಿಲ್ಲ. ಸಾತಾರೆಯ ಶಾಲೆಗೆ ಮನೆಯಿಂದ ಗೋಣಿಚೀಲ ಒಯ್ದು ಅದರ ಮೇಲೆ ಕೂತವರು ಅವರು. ನೀರು ಬೇಕಾದರೆ ಶಾಲೆಯ ಜವಾನ ಎತ್ತಿ ಹೊಯ್ಯಬೇಕು, ಜವಾನ ಇಲ್ಲದ ದಿನ ಗಂಟಲು ಒಣಗಿಸಿಕೊಂಡೇ ಇರಬೇಕು. ಆ ಶಾಲೆಗೂ ಇನ್ಸ್‌ಪೆಕ್ಟರು ಬಂದಿರಬೇಕಲ್ಲ? ಲೆಕ್ಕ ಕೇಳಿ, ಕಾಗುಣಿತ ಕೇಳಿ, ಷರಾ ಬರೆದು ಹೋಗಿರಬೇಕಲ್ಲ? ಮೂಲೆಯಲ್ಲಿ ಹಾಸಿದ್ದ ಗೋಣಿಚೀಲದ ಮೇಲೆ ಅವರ ಕಣ್ಣು ಬಿತ್ತೋ ಇಲ್ಲವೋ!

ಇನ್ಸ್‌ಪೆಕ್ಟರು ಏನು ಅಳೀತಿದ್ದ ಅನ್ನೋದಕ್ಕೂ ಒಂದು ಕತೆ ಇದೆ. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಎಂಬ ಮಂತ್ರಿ, ಫಲಿತಾಂಶ ನೋಡಿ ದುಡ್ಡು ಕೊಡುವ ಪದ್ಧತಿ ತಂದ. ಬಡವರ ಮಕ್ಕಳ ಶಾಲೆಗೆ ತಲಾ 12 ಶಿಲಿಂಗು. ಅದರಲ್ಲಿ 4 ಹಾಜರಿಗೆ, 8 ಪರೀಕ್ಷೆಗೆ. ಮಗು ಓದುವುದರಲ್ಲಿ ಫೇಲಾದರೆ 2 ಶಿಲಿಂಗು 8 ಪೆನ್ನಿ ಕಟ್, ಬರಹದಲ್ಲಿ ಫೇಲಾದರೆ ಅಷ್ಟೇ, ಲೆಕ್ಕದಲ್ಲಿ ಫೇಲಾದರೂ ಅಷ್ಟೇ. ಕುರಿ ಸಂತೆಯಲ್ಲಿ ಹಲ್ಲು ನೋಡಿ ಬೆಲೆ ಕಟ್ಟಿದ ಹಾಗೆ. ಮೇಷ್ಟ್ರುಗಳು ಏನು ಮಾಡಿದರು? ಸಂಬಳ ಉಳಿಸಿಕೊಳ್ಳೋಕೆ ಮಕ್ಕಳಿಗೆ ಪಾಠದ ಪುಸ್ತಕವನ್ನೇ ಬಾಯಿಪಾಠ ಮಾಡಿಸಿದರು. ಮ್ಯಾಥ್ಯೂ ಆರ್ನಾಲ್ಡ್ ಅಂತ ಒಬ್ಬ ಕವಿ, ಮೂವತ್ತೈದು ವರ್ಷ ಶಾಲಾ ಇನ್ಸ್‌ಪೆಕ್ಟರಾಗಿ ಹೊಟ್ಟೆ ಹೊರೆದವನು, ಇದು ಕಲಿಕೆಯನ್ನು ಯಂತ್ರ ಮಾಡುತ್ತೆ ಅಂತ ತನ್ನ ಇಲಾಖೆಯ ವಿರುದ್ಧವೇ ಬರೆದ. (ಕವಿಗಳಿಂದಲೂ ಆಗೀಗ ಉಪಯೋಗ ಉಂಟು.) ಇಂಗ್ಲೆಂಡು 1890ರ ದಶಕದಲ್ಲಿ ಅದನ್ನು ಕೈಬಿಟ್ಟಿತು. ಅಷ್ಟರಲ್ಲಿ ಆ ಪದ್ಧತಿ ಹಡಗು ಹತ್ತಿ ಬೊಂಬಾಯಿಗೂ ಮದರಾಸಿಗೂ ಬಂದು ಸಹಾಯಧನದ ಶಾಲೆಗಳ ಹೆಗಲೇರಿತ್ತು.

ಬಾಯಿಪಾಠದ ಮಾತು ನಮಗೆ ಚೆನ್ನಾಗಿ ಗೊತ್ತು. ನಾವು ಮೂರನೇ ಕ್ಲಾಸಿನಲ್ಲಿದ್ದಾಗ 'ನಾಳೆ ಸಾಹೇಬ್ರು ಬರ್ತಾರೆ' ಅಂದರೆ ಹಿಂದಿನ ದಿನವೇ ದಡ್ಡರ ಪಟ್ಟಿ ಆಗುತ್ತಿತ್ತು. ಪಟ್ಟಿಯಲ್ಲಿದ್ದೋರು ನಾಳೆ ಮನೇಲೇ ಇರಬೇಕು. ನಮ್ಮ ಕೇರಿಯ ಮೂರು ಜನ ಪ್ರತಿಸಲ ಅದರಲ್ಲಿ ಇರುತ್ತಿದ್ದರು. ಇನ್ನುಳಿದ ನಾವು ಕೇರಿಯ ಮಕ್ಕಳು ಬೆಳಿಗ್ಗೆ ಏಳಕ್ಕೇ ಬಂದು ಅಂಗಳ ಗುಡಿಸಿ, ನೀರು ಚಿಮುಕಿಸಿ, ಕಕ್ಕಸು ತೊಳೆಯಬೇಕು. ಸಾಹೇಬರು ಬಂದರು, ನೋಡಿದರು, ಸಂದರ್ಶನ ಪುಸ್ತಕದಲ್ಲಿ 'ಶಾಲಾ ಸ್ವಚ್ಛತೆ ಉತ್ತಮ' ಅಂತ ಬರೆದರು. ಆ ಷರಾ ಬರೆಸಿದ ಕೈಗಳು ನಮ್ಮವು. ನಮಗೆ ಆವತ್ತು ಹೆಮ್ಮೆಯೇ ಆಗಿತ್ತು. ಅದು ಹೆಮ್ಮೆಪಡೋ ವಿಷಯ ಅಲ್ಲ ಅಂತ ಗೊತ್ತಾಗೋಕೆ ಡಿಗ್ರಿವರೆಗೂ ಓದಬೇಕಾಯಿತು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂದಾಗ ಬೇರೆಯವರು ಬೆಚ್ಚಿಬಿದ್ದರು. ನಮಗೆ ಬೆಚ್ಚಲಿಕ್ಕೆ ಆಗಲಿಲ್ಲ.

ಬೇರೆ ಕೋಲು ಹಿಡಿದವರೂ ಇದ್ದರು. ಜೋತಿಬಾ ಫುಲೆ 1882ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ಮನವಿಯಲ್ಲಿ ಹನ್ನೆರಡು ವರ್ಷದವರೆಗಾದರೂ ಶಿಕ್ಷಣ ಕಡ್ಡಾಯ ಮಾಡಿ ಅಂದರು. ಅದಕ್ಕಿಂತ ನಮಗೆ ಮುಖ್ಯವಾಗಿ ಕಂಡದ್ದು ಮೇಷ್ಟ್ರು ಎಂಥವನಿರಬೇಕು ಅಂತ ಅವರು ಹೇಳಿದ್ದು. ಆದಷ್ಟೂ ಒಕ್ಕಲು ಮಕ್ಕಳಲ್ಲೇ ತರಬೇತಾದವನು ಬರಲಿ, ಜನರ ಜೊತೆ ಬೆರೆಯಲಿ, ನೇಗಿಲ ಮೇಣಿ, ಬಡಗಿಯ ಬಾಚಿ ಹಿಡಿಯೋಕೆ ನಾಚದವನಾಗಿರಲಿ ಅಂತ. ಯಾವ ಇಲಾಖೆಯ ನಮೂನೆಯಲ್ಲಿ ಇಂಥ ಕಾಲಂ ಇದೆ, ಹೇಳಿ? ಮಂಗಳೂರಿನಲ್ಲಿ 1892ರಲ್ಲಿ ಅಸ್ಪೃಶ್ಯ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರನ್ನು ಅವರ ಜಾತಿಯವರೇ ದೂರ ಇಟ್ಟರು. ತಮ್ಮ ಶಾಲೆಯಲ್ಲಿ ಕಲಿತ ಮಗು ಅಧಿಕಾರಿಯಾಗಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು ಅನ್ನೋದು ಅವರ ಆಸೆಯಾಗಿತ್ತಂತೆ. ಅದೂ ಒಂದು ಅಳತೆ.

ಇಲ್ಲಿ ಸ್ವಲ್ಪ ಸಮುದ್ರ ದಾಟಬೇಕು. ನಮ್ಮ ಪ್ಯಾಂಥರ್ ಗೆಳೆಯರು ಯಾರಿಂದ ಹೆಸರು ತಂದರೋ ಆ ಕಪ್ಪು ಜನರ ಅಮೆರಿಕದಲ್ಲಿ ಇದೇ ಪ್ರಶ್ನೆ ಕೋರ್ಟಿಗೆ ಹೋಗಿತ್ತು. ಕ್ಯಾನ್ಸಸ್ ರಾಜ್ಯದ ಟೊಪೀಕಾ ಊರು. ಲಿಂಡಾ ಬ್ರೌನ್ ಎಂಬ ಹುಡುಗಿಯ ಮನೆ ಹತ್ತಿರವೇ ಬಿಳಿಯರ ಶಾಲೆ, ಅವಳು ಹೋಗಬೇಕಾದದ್ದು ದೂರದ ಕರಿಯರ ಶಾಲೆಗೆ. ಕೆಳಗಿನ ಕೋರ್ಟು 1951ರಲ್ಲಿ ಕಟ್ಟಡ, ಪಾಠಕ್ರಮ, ಮೇಷ್ಟ್ರುಗಳ ಅರ್ಹತೆ ಎಲ್ಲ ನೋಡಿ ಎರಡೂ ಶಾಲೆ ಹೆಚ್ಚು ಕಡಿಮೆ ಸಮ ಅಂದಿತು. ಲೆಕ್ಕಕ್ಕೆ ಸರಿ. ಆದರೆ 1954ರ ಮೇ 17ರಂದು ಅಲ್ಲಿನ ಸುಪ್ರೀಂ ಕೋರ್ಟು, ಬೇರ್ಪಡಿಸಿದ್ದೇ ಅಸಮಾನತೆ ಅಂತ ತೀರ್ಪು ಕೊಟ್ಟಿತು. ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಎಂಬ ದಂಪತಿ ಕರಿಯ ಮಕ್ಕಳ ಮುಂದೆ ಒಂದು ಕಪ್ಪು ಗೊಂಬೆ, ಒಂದು ಬಿಳಿ ಗೊಂಬೆ ಇಟ್ಟು ಯಾವುದು ಒಳ್ಳೇದು ಅಂತ ಕೇಳಿದ್ದರು. ಬಹಳ ಮಕ್ಕಳು ಬಿಳಿಯದನ್ನೇ ತೋರಿಸಿದ್ದರು. ಆ ಕೆಲಸವನ್ನು ಕೋರ್ಟು ತನ್ನ ತೀರ್ಪಿನಲ್ಲಿ ಉಲ್ಲೇಖಿಸಿತು. ಶಾಲೆಯನ್ನು ಅಳೆಯೋಕೆ ಕಟ್ಟಡದ ಒಳಗಲ್ಲ, ಮಗುವಿನ ಒಳಗೆ ನೋಡಿದ್ದು ಅದು.

ಆಮೇಲೇನಾಯಿತು? ಬಿಳಿಯರು ನಗರ ಬಿಟ್ಟು ಹೊರವಲಯದ ಬಡಾವಣೆಗಳಿಗೆ ಹೋದರು. ಅಲ್ಲಿ ಅವರದೇ ತೆರಿಗೆ, ಅವರದೇ ಸರ್ಕಾರಿ ಶಾಲೆ. 1974ರಲ್ಲಿ ಡೆಟ್ರಾಯಿಟ್ ಮೊಕದ್ದಮೆಯಲ್ಲಿ ಅದೇ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ, ನಗರದ ಶಾಲೆಗಳ ಬೇರ್ಪಾಟು ಸರಿಮಾಡೋಕೆ ಬಡಾವಣೆಗಳ ಶಾಲೆಗಳನ್ನು ಎಳೆದು ತರುವಂತಿಲ್ಲ ಅಂದಿತು. ಟೊಪೀಕಾದ ಮೊಕದ್ದಮೆಯಲ್ಲಿ ವಕೀಲರಾಗಿದ್ದ ಥರ್ಗುಡ್ ಮಾರ್ಷಲ್ ಅಷ್ಟರಲ್ಲಿ ಅಲ್ಲೇ ನ್ಯಾಯಮೂರ್ತಿ. ಅವರು ಭಿನ್ನಮತ ಬರೆದರು. ಅಲ್ಲಿ ಬಡಾವಣೆಯವರ ಸರ್ಕಾರಿ ಶಾಲೆಗೆ ಒಳ್ಳೆ ಹೆಸರು, ಇಲ್ಲಿ ಬಡಾವಣೆ ಪಕ್ಕದ ಸರ್ಕಾರಿ ಶಾಲೆಗೆ ಕೆಟ್ಟ ಹೆಸರು. ವಿಚಿತ್ರ ಅನ್ನಿಸುತ್ತೆ. ಆದರೆ ಉಳ್ಳವರು ಎಲ್ಲಿದ್ದಾರೋ ಅಲ್ಲೇ 'ಕ್ವಾಲಿಟಿ' ಇರೋದು ಅಂತ ಇಟ್ಟುಕೊಂಡರೆ ಎರಡೂ ಸರಿಹೊಂದುತ್ತೆ.

ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಹಿಂದೆ ಒಂದು ಅನುಸೂಚಿ ಇದೆ. ಕಿರಿಯ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕ, ಹೆಣ್ಣು ಗಂಡಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡಿಗೆಮನೆ, ಆಟದ ಮೈದಾನ, ಗ್ರಂಥಾಲಯ. ಬೇಕಾದದ್ದೇ. ಹಿಂದುಳಿದ ಮಕ್ಕಳಿಗೆ ತಾರತಮ್ಯ ಆಗಕೂಡದು ಅಂತಲೂ ಕಾಯ್ದೆಯ ಒಳಗೆ ಬರೆದಿದೆ. ಆದರೆ ಶೌಚಾಲಯ ಎಣಿಸೋಕೆ ಅನುಸೂಚಿ ಉಂಟು, ಅದನ್ನು ಯಾರು ತೊಳೀತಾರೆ ಅಂತ ಎಣಿಸೋಕೆ ಇಲ್ಲ. 2005ರಿಂದ ಬರುತ್ತಿರುವ ಅಸರ್ ವರದಿ ಐದನೇ ಕ್ಲಾಸಿನ ಹುಡುಗ ಎರಡನೇ ಕ್ಲಾಸಿನ ಪಾಠ ಓದ್ತಾನಾ ಅಂತ ಹಳ್ಳಿಹಳ್ಳಿಯಲ್ಲಿ ಕೇಳುತ್ತೆ. ಅದೂ ಕೇಳಬೇಕಾದ ಮಾತೇ, ನಮ್ಮ ಮಕ್ಕಳು ಓದದೆ ಉಳಿದರೆ ನಷ್ಟ ನಮಗೇ. ಖಾಸಗಿ ಶಾಲೆಯಲ್ಲಿ ನೂರಕ್ಕೆ 25 ಸೀಟು ಬಡ ಮಕ್ಕಳಿಗೆ ಅಂತಿತ್ತು. 2018ರ ಕೊನೆಯಲ್ಲಿ ಕರ್ನಾಟಕ ಸರ್ಕಾರ ನಿಯಮ ತಿದ್ದಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿಗೇ ಹೋಗಿ ಅಂದಿತು. ಅಕ್ಕನಿಗೆ ಆ ದಾರಿಯೂ ಮುಚ್ಚಿತು.

ಇನ್ನು ನಮ್ಮ ಕೆಲವು ಸಾಹಿತಿ ಹಿರಿಯರು ಕನ್ನಡ ಶಾಲೆ ಉಳಿಸಿ ಅಂತ ವೇದಿಕೆ ಏರ್ತಾರೆ. ಅವರ ಮೊಮ್ಮಕ್ಕಳು ಬೆಳಿಗ್ಗೆ ಯಾವ ವ್ಯಾನು ಹತ್ತಿದರು ಅಂತ ಕೇಳಬಾರದು. ಕನ್ನಡ ಉಳಿಸೋ ಭಾರವೂ ಕೇರಿಯ ಮಕ್ಕಳ ಬೆನ್ನಿಗೇ! ಬಿಡಿ, ಅದು ಬೇರೆ ಲೇಖನ.

ಉತ್ತರ ಹೇಳಲೇಬೇಕಲ್ಲ. ಒಂದು ಗುರುವಾರ ಆ ಶಾಲೆಗೆ ನಾವೇ ಹೋದೆವು. ಮೇಡಮ್ಮು ಕೂರಿಸಿ ಟೀ ಕೊಟ್ಟರು, ಗೋಡೆಯ ಚಾರ್ಟು ತೋರಿಸಿದರು. ಐದು ತರಗತಿಗೆ ಮೂರು ಜನ ಶಿಕ್ಷಕರು, ಅವರಲ್ಲೊಬ್ಬರು ಅತಿಥಿ. ಎರಡನೇ ಕ್ಲಾಸಿನ ಒಬ್ಬ ಹುಡುಗಿ ನಮ್ಮ ಕೈಲಿದ್ದ ಪತ್ರಿಕೆಯ ಹೆಸರನ್ನು ಕೂಡಿಸಿ ಓದಿದಳು. ನಾಲ್ಕನೇ ಕ್ಲಾಸಿನ ಇಬ್ಬರು ಓದಲಾರದೆ ನೆಲ ನೋಡಿದರು. ನಾವು ಬರೆದುಕೊಂಡೆವು. ನಲ್ಲಿಯ ಹತ್ತಿರ ನಿಂತು ನೋಡಿದೆವು, ಲೋಟ ಒಂದೇ, ಎಲ್ಲರೂ ಅದರಲ್ಲೇ ಕುಡಿದರು. ಪೊರಕೆ ಯಾರ ಕೈಲಿದೆ ಅಂತ ನೋಡಿದೆವು. ಆವತ್ತು ಯಾರ ಕೈಲೂ ಇರಲಿಲ್ಲ.

ಊಟದ ಗಂಟೆ ಹೊಡೆಯಿತು. ಬಿಸಿಯೂಟದ ಅಡಿಗೆಯವರನ್ನು ನೇಮಿಸುವಾಗ ದಲಿತರಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟು 2004ರಲ್ಲೇ ಹೇಳಿದೆ. ಇಲ್ಲಿ ಅಡಿಗೆ ಮಾಡೋದು ನಮ್ಮ ಕೇರಿಯ ಚಿಕ್ಕಮ್ಮನೇ. ಸಾರು ಬಡಿಸುತ್ತಾ ನಮ್ಮನ್ನು ಕಂಡು ನಕ್ಕರು. ಜಗಲಿಯ ಕೊನೆಯಲ್ಲಿ ಐದು ಮಕ್ಕಳು ಮನೆಯಿಂದ ತಂದ ಡಬ್ಬಿ ಬಿಚ್ಚಿ ಬೇರೆ ಕೂತಿದ್ದರು. ಮೇಡಮ್ಮನ್ನು ಕೇಳಿದೆವು. 'ಅವರಿಗೆ ಹೊಟ್ಟೆಗೆ ಆಗಲ್ಲ ಅಂತ ಮನೆಯೋರು ಬರೆದುಕೊಟ್ಟಿದ್ದಾರೆ' ಅಂದರು, ಮುಖ ನೋಡದೆ.

ರಾತ್ರಿ ಅಕ್ಕನಿಗೆ ಎಲ್ಲ ಒಪ್ಪಿಸಿದೆವು: ಓದಿದ ಹುಡುಗಿ, ಓದದ ಇಬ್ಬರು, ಒಂದೇ ಲೋಟ, ಐದು ಡಬ್ಬಿ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: 'ಅದೇನೋ ಕಮಿಟಿ ಅದೆಯಂತಲ್ಲ, ಮಕ್ಕಳ ಅಪ್ಪ ಅವ್ವದಿರದು?' ಇದೆ, ಎಸ್‌ಡಿಎಂಸಿ ಅಂತ, 2001ರಿಂದಲೂ ಇದೆ ಅಂದೆವು. 'ಮಗಳ್ನ ಸೇರಿಸಿದ್ರೆ ಅದ್ರಾಗೆ ನಾನೂ ನಿಲ್ಲಬೌದಾ?' ನಿಲ್ಲಬಹುದು ಅಂದೆವು.

'ಹಂಗಾದ್ರೆ ಸೋಮವಾರ ನಾನೇ ಹೋಯ್ತೀನಿ. ಊಟದ ಹೊತ್ತಿಗೇ ಹೋಯ್ತೀನಿ' ಅಂದಳು.